ಬೆಳಕಿನೊಳಗಿನ ವಿದ್ಯುತ್ತು, ಕಾಂತ: ಕನ್ನಡಕ, ಹಪ್ಪಳ, ರೇಡಿಯೊ ಹಿಡಿದು ಮನೆಯಲ್ಲೇ ನೋಡಿ

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿ ಒಂದು ಚಿತ್ರ ಇದೆ. ನಡುವೆ ಒಂದು ಗೆರೆ, ಆ ಗೆರೆಯ ಮೇಲೆ ಕೆಳಗೆ ಬಳುಕುವ ಒಂದು ಅಲೆ, ಅದಕ್ಕೆ ಅಡ್ಡವಾಗಿ ಮಲಗಿದ ಹಾಗೆ ಇನ್ನೊಂದು ಅಲೆ. ಒಂದು ವಿದ್ಯುತ್ ಕ್ಷೇತ್ರ, ಇನ್ನೊಂದು ಕಾಂತಕ್ಷೇತ್ರ, ಎರಡೂ ಸೇರಿದರೆ ಬೆಳಕು. ಕಳೆದ ವರ್ಷ ಅಕ್ಕನ ಮಗಳು ಆ ಪುಟ ಹಿಡಿದುಕೊಂಡು ಬಂದು, "ಮಾಮ, ಬೆಳಕು ಹೀಗೆ ಹಾವಿನ ಥರ ಬಳುಕಿಕೊಂಡು ಹೋಗುತ್ತಾ? ಹಾಗಿದ್ರೆ ಟಾರ್ಚ್ ಬೆಳಕು ಯಾಕೆ ನೆಟ್ಟಗೆ ಹೋಗುತ್ತೆ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಎರಡು ಭಾನುವಾರ ನಾವಿಬ್ಬರೂ ಮನೆಯಲ್ಲಿದ್ದ ಸಾಮಾನನ್ನೆಲ್ಲ ಹರಡಿಕೊಂಡು ಕೂತೆವು. ಆಗ ಮಾಡಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಓದಿ ಬಿಟ್ಟುಬಿಡಬೇಡಿ, ಮಾಡಿ ನೋಡಿ. ಈ ವಿಷಯ ಕೈಯಲ್ಲಿ ಹಿಡಿದಾಗಲೇ ತಲೆಗೆ ಹೋಗುವುದು.

ಬೇಕಾಗುವುದು ಇಷ್ಟು: ಒಂದು ಪೋಲರೈಸ್ಡ್ ಕೂಲಿಂಗ್ ಗ್ಲಾಸು (ಒಂದೇ ದಿಕ್ಕಿಗೆ ಆಡುವ ಬೆಳಕನ್ನು ಮಾತ್ರ ಬಿಡುವಂಥದ್ದು), ಎಲ್‌ಸಿಡಿ ಪರದೆ ಇರುವ ಲ್ಯಾಪ್‌ಟಾಪು, ಸೆಲೊಟೇಪು, ಮೈಕ್ರೊವೇವ್ ಓವನ್ನು, ಐದಾರು ಉದ್ದಿನ ಹಪ್ಪಳ, ಒಂದು ಸ್ಕೇಲು, ಎಎಂ ಮತ್ತು ಎಫ್‌ಎಂ ಎರಡೂ ಹಿಡಿಯುವ ಒಂದು ಸಣ್ಣ ರೇಡಿಯೊ. ಎಲ್ಲವೂ ಇಲ್ಲದಿದ್ದರೂ ನಡೆಯುತ್ತದೆ, ಇದ್ದಷ್ಟರಲ್ಲಿ ಶುರು ಮಾಡಿ.

ಮೊದಲ ಹೆಜ್ಜೆ: ಚಿತ್ರವನ್ನು ನೀವೇ ಬರೆಯಿರಿ

ಒಂದು ಹಾಳೆ ತಗೊಂಡು ಅಡ್ಡಲಾಗಿ 12 ಸೆಂಟಿಮೀಟರ್ ಉದ್ದದ ಗೆರೆ ಎಳೆಯಿರಿ. ಪ್ರತಿ ಸೆಂಟಿಮೀಟರಿಗೆ ಒಂದು ಚುಕ್ಕೆ. ಮೊದಲ ಚುಕ್ಕೆಯಲ್ಲಿ ಏನೂ ಬೇಡ. ಎರಡನೆಯದರಲ್ಲಿ ಮೇಲ್ಮುಖವಾಗಿ 1 ಸೆಂಟಿಮೀಟರ್ ಬಾಣ, ಆಮೇಲೆ 1.7, ಆಮೇಲೆ 2, ಮತ್ತೆ 1.7, 1, ಸೊನ್ನೆ. ಅಲ್ಲಿಂದ ಮುಂದೆ ಇದೇ ಅಳತೆಯ ಬಾಣಗಳು ಕೆಳಮುಖವಾಗಿ. ಇದು ವಿದ್ಯುತ್ ಕ್ಷೇತ್ರ. ಈಗ ಬೇರೆ ಬಣ್ಣದ ಪೆನ್ನಿನಲ್ಲಿ ಅದೇ ಚುಕ್ಕೆಗಳಲ್ಲಿ ಓರೆಯಾಗಿ, ಅಂದರೆ ಹಾಳೆಯಿಂದ ನಿಮ್ಮ ಕಡೆಗೆ ಬರುತ್ತಿರುವ ಹಾಗೆ, ಕಾಂತಕ್ಷೇತ್ರದ ಬಾಣಗಳನ್ನು ಬರೆಯಿರಿ. ಎಲ್ಲಿ ವಿದ್ಯುತ್ತಿನ ಬಾಣ ಉದ್ದವೋ ಅಲ್ಲಿ ಇದೂ ಉದ್ದ. ಅದು ಸೊನ್ನೆ ಇರುವಲ್ಲಿ ಇದೂ ಸೊನ್ನೆ. ಅದು ಕೆಳಕ್ಕೆ ತಿರುಗಿದಲ್ಲಿ ಇದು ಹಾಳೆಯ ಹಿಂದಕ್ಕೆ ತಿರುಗುತ್ತದೆ.

ಬಾಣಗಳ ತುದಿಗಳನ್ನು ಸೇರಿಸುವ ಬಳುಕು ಗೆರೆಯನ್ನು ಮಾತ್ರ ಎಳೆಯಬೇಡಿ. ಗೊಂದಲ ಹುಟ್ಟುವುದೇ ಆ ಗೆರೆಯಿಂದ.

ಬಾಣ ಅಂದರೆ ಅಲ್ಲಿ ಏನೋ ಅಷ್ಟುದ್ದ ಮೇಲಕ್ಕೆ ಹೋಗಿದೆ ಅಂತಲ್ಲ. ಆ ಚುಕ್ಕೆಯಲ್ಲಿ ಒಂದು ಎಲೆಕ್ಟ್ರಾನ್ ಇಟ್ಟರೆ ಅದನ್ನು ಯಾವ ಕಡೆಗೆ, ಎಷ್ಟು ಜೋರಾಗಿ ತಳ್ಳುತ್ತದೆ ಅನ್ನುವುದರ ಲೆಕ್ಕ ಅದು. (ಎಲೆಕ್ಟ್ರಾನಿನದು ಋಣ ಚಾರ್ಜು, ಹಾಗಾಗಿ ತಳ್ಳುವುದು ಬಾಣಕ್ಕೆ ಎದುರು ದಿಕ್ಕಿಗೆ. ಅದೊಂದು ನೆನಪಿರಲಿ.) ಚುಕ್ಕೆ ಅಲ್ಲೇ ಇರುತ್ತದೆ, ಬಾಣದ ಉದ್ದ ಬದಲಾಗುತ್ತಾ ಹೋಗುತ್ತದೆ, ಅಷ್ಟೇ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ನೋಡಿದ್ದೀರಲ್ಲ? ಬೆಳಕು ಈ ತುದಿಯಿಂದ ಆ ತುದಿಗೆ ಓಡಿದ ಹಾಗೆ ಕಾಣುತ್ತದೆ, ಆದರೆ ಒಂದು ಬಲ್ಬೂ ಜಾಗ ಬಿಟ್ಟು ಅಲುಗುವುದಿಲ್ಲ. ಹಾಗೆಯೇ ಇದು. ಟಾರ್ಚ್ ಬೆಳಕು ನೆಟ್ಟಗೆ ಹೋಗುವುದು ಇದಕ್ಕೇ, ಅಲ್ಲಿ ಬಳುಕುವ ವಸ್ತುವೇ ಇಲ್ಲ.

ಎರಡನೇ ಹೆಜ್ಜೆ: ಎರಡೂ ಒಟ್ಟಿಗೇ ಏರುತ್ತವೆ ಯಾಕೆ?

ಬಹಳ ಜನ ಇಲ್ಲಿ ಎಡವುತ್ತಾರೆ. ವಿದ್ಯುತ್ತು ಇಳಿದಾಗ ಕಾಂತ ಏರುತ್ತದೆ, ಕಾಂತ ಇಳಿದಾಗ ವಿದ್ಯುತ್ತು ಏರುತ್ತದೆ, ಉಯ್ಯಾಲೆಯಾಟದ ಹಾಗೆ, ಅಂತ ಅಂದುಕೊಳ್ಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಖಾಲಿ ಜಾಗದಲ್ಲಿ ಮುಂದಕ್ಕೆ ಸಾಗುವ ಬೆಳಕಿಗೆ ಇದು ತಪ್ಪು.

1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮ ಇದು: ಒಂದು ಜಾಗದಲ್ಲಿ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಅದರ ಸುತ್ತ ವಿದ್ಯುತ್ ಕ್ಷೇತ್ರ ಸುತ್ತಿಕೊಳ್ಳುತ್ತದೆ. ಸುತ್ತಿಕೊಳ್ಳುವುದು ಅಂದರೆ ಒಂದು ಚುಕ್ಕೆಗೂ ಪಕ್ಕದ ಚುಕ್ಕೆಗೂ ಬಾಣದ ಉದ್ದದಲ್ಲಿ ವ್ಯತ್ಯಾಸ ಇರುವುದು. ಈಗ ನಿಮ್ಮ ಚಿತ್ರ ನೋಡಿ. ಪಕ್ಕಪಕ್ಕದ ಬಾಣಗಳ ನಡುವೆ ವ್ಯತ್ಯಾಸ ಜಾಸ್ತಿ ಇರುವುದು ಎಲ್ಲಿ? ಬಾಣ ಉದ್ದವಾಗಿರುವ ತುದಿಯಲ್ಲಿ ಅಲ್ಲ. 1.7, 2, 1.7, ಅಲ್ಲಿ ವ್ಯತ್ಯಾಸ ಕಡಿಮೆ. ಸೊನ್ನೆ ದಾಟುವ ಕಡೆ ನೋಡಿ: 1, 0, ಮೈನಸ್ 1. ಅಲ್ಲಿ ಜಾಸ್ತಿ. ಹಾಗಾದರೆ ಕಾಂತಕ್ಷೇತ್ರ ಭರದಿಂದ ಬದಲಾಗುತ್ತಿರಬೇಕಾದದ್ದೂ ಅಲ್ಲೇ. ಏರಿಳಿಯುವ ಯಾವುದೇ ವಸ್ತು ಭರದಿಂದ ಬದಲಾಗುವುದು ಸೊನ್ನೆ ದಾಟುವಾಗ ತಾನೇ? ಅಂದರೆ ವಿದ್ಯುತ್ತು ಸೊನ್ನೆ ದಾಟುವ ಜಾಗದಲ್ಲೇ ಕಾಂತವೂ ಸೊನ್ನೆ ದಾಟುತ್ತದೆ. ಎರಡೂ ಜೊತೆಯಲ್ಲೇ ಏರಿ ಜೊತೆಯಲ್ಲೇ ಇಳಿಯುತ್ತವೆ.

ದಿಕ್ಕು ಸರಿಯಿದೆಯಾ ಅಂತ ನೋಡಲು ಬಲಗೈ ಚಾಚಿ. ನಾಲ್ಕು ಬೆರಳು ವಿದ್ಯುತ್ ಬಾಣದ ಕಡೆಗೆ. ಅಲ್ಲಿಂದ ಕಾಂತದ ಬಾಣದ ಕಡೆಗೆ ಬೆರಳು ಮಡಚಿ. ಹೆಬ್ಬೆರಳು ತೋರಿಸುವ ಕಡೆಗೆ ಬೆಳಕು ಹೋಗುತ್ತದೆ. ನಿಮ್ಮ ಚಿತ್ರದಲ್ಲಿ ಅದು ಬಲಕ್ಕೆ ಬರಬೇಕು. ಕೆಳಮುಖ ಬಾಣಗಳ ಕಡೆಯೂ ಮಾಡಿ ನೋಡಿ, ಅಲ್ಲೂ ಬಲಕ್ಕೇ. ಎರಡೂ ಒಟ್ಟಿಗೆ ತಿರುಗುವುದರಿಂದ ಬೆಳಕು ಹಿಂದೆ ಮುಂದೆ ಹೊಯ್ದಾಡದೆ ಒಂದೇ ಕಡೆಗೆ ಸಾಗುತ್ತದೆ.

ಮೂರನೇ ಹೆಜ್ಜೆ: ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಬೆಳಕಿನ ವೇಗ

ಇದಕ್ಕೆ ಎರಡು ನಿಮಿಷ ಸಾಕು. ವಿದ್ಯುತ್ತಿಗೆ ಒಂದು ಸ್ಥಿರಾಂಕ ಇದೆ, ಅಂಕಿ 8.854. ಕಾಂತಕ್ಕೆ ಒಂದು, ಅಂಕಿ 1.2566. (ಅವುಗಳ ಹಿಂದಿರುವ ಹತ್ತರ ಘಾತಗಳನ್ನು ಆಮೇಲೆ ಸೇರಿಸೋಣ.) ಗುಣಿಸಿ, 11.126 ಬರುತ್ತದೆ. ವರ್ಗಮೂಲ ತೆಗೆಯಿರಿ, 3.3356. ಈಗ 1ನ್ನು ಅದರಿಂದ ಭಾಗಿಸಿ, 0.2998. ಘಾತಗಳನ್ನೆಲ್ಲ ಕೂಡಿಸಿದರೆ ಇದನ್ನು 100 ಕೋಟಿಯಿಂದ ಗುಣಿಸಬೇಕು. ಸೆಕೆಂಡಿಗೆ 29.98 ಕೋಟಿ ಮೀಟರ್. ಬೆಳಕಿನ ವೇಗ!

ಆ ಎರಡು ಅಂಕಿಗಳಿಗೂ ಬೆಳಕಿಗೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. ಅವು ಸಿಗುವುದು ಚಾರ್ಜು ತುಂಬಿದ ತಗಡು, ಕರೆಂಟು ಹರಿಯುವ ತಂತಿ ಇವುಗಳ ಅಳತೆಯಿಂದ. 1860ರ ದಶಕದ ಶುರುವಿನಲ್ಲಿ ಮ್ಯಾಕ್ಸ್‌ವೆಲ್ ಇಂಥದ್ದೇ ಲೆಕ್ಕ ಹಾಕಿದಾಗ, ವೆಬರ್ ಮತ್ತು ಕೋಲ್‌ರೌಶ್ ಅವರ ವಿದ್ಯುತ್ ಅಳತೆಗಳಿಂದ ಸೆಕೆಂಡಿಗೆ 3,10,740 ಕಿಲೋಮೀಟರ್ ಬಂತು. ಫಿಜೋ ಅಳೆದಿದ್ದ ಬೆಳಕಿನ ವೇಗ 3,14,858 ಕಿಲೋಮೀಟರ್. ಇಷ್ಟು ಹತ್ತಿರ ಸುಮ್ನೆ ಬರಲು ಸಾಧ್ಯವಿಲ್ಲ, ಬೆಳಕು ಅಂದರೆ ಈ ಎರಡು ಕ್ಷೇತ್ರಗಳ ಅಲೆಯೇ ಇರಬೇಕು ಅಂತ ಮ್ಯಾಕ್ಸ್‌ವೆಲ್ ತೀರ್ಮಾನಿಸಿದರು. ನನಗೆ ಇವತ್ತಿಗೂ ಈ ಲೆಕ್ಕ ಮಾಡುವಾಗ ಮೈ ಜುಮ್ಮೆನ್ನುತ್ತದೆ.

ನಾಲ್ಕನೇ ಹೆಜ್ಜೆ: ಕನ್ನಡಕ ತಿರುಗಿಸಿ

ಮೊದಲು ನಿಮ್ಮ ಕನ್ನಡಕ ನಿಜವಾಗಿ ಪೋಲರೈಸ್ಡ್ ಹೌದೋ ಅಲ್ಲವೋ ನೋಡಿ. ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟ ತೆರೆದು, ಕನ್ನಡಕದ ಒಂದು ಗಾಜಿನ ಮೂಲಕ ನೋಡುತ್ತಾ ಕನ್ನಡಕವನ್ನು ಗಡಿಯಾರದ ಮುಳ್ಳಿನಂತೆ ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಆಗದಿದ್ದರೆ ಅದು ಬರೀ ಬಣ್ಣದ ಗಾಜು.

ಎಲ್‌ಸಿಡಿ ಪರದೆಯಿಂದ ಬರುವ ಬೆಳಕಿನಲ್ಲಿ ವಿದ್ಯುತ್ ಬಾಣಗಳೆಲ್ಲ ಒಂದೇ ರೇಖೆಯಲ್ಲಿ ಆಡುತ್ತಿರುತ್ತವೆ. ಬಲ್ಬಿನ ಬೆಳಕು, ಬಿಸಿಲು ಹಾಗಲ್ಲ, ಅವುಗಳಲ್ಲಿ ಬಾಣ ಕ್ಷಣಕ್ಕೊಂದು ಕಡೆಗೆ. ಕನ್ನಡಕದ ಹಾಳೆಯಲ್ಲಿ ಉದ್ದುದ್ದ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿ ಮಲಗಿವೆ. ಎಲೆಕ್ಟ್ರಾನುಗಳು ಆ ಸಾಲಿನುದ್ದಕ್ಕೂ ಓಡಾಡಬಲ್ಲವು, ಅಡ್ಡಕ್ಕೆ ಆಗುವುದಿಲ್ಲ. ಬಾಣ ಸಾಲಿನ ಉದ್ದಕ್ಕೆ ಇದ್ದರೆ ಅದು ಎಲೆಕ್ಟ್ರಾನುಗಳನ್ನು ಓಡಾಡಿಸುತ್ತಾ ತನ್ನ ಶಕ್ತಿಯನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ. ಅಡ್ಡಕ್ಕಿದ್ದರೆ ಪಾರು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಬೇಲಿಯ ಸಂದಿಯಲ್ಲಿ ಹಗ್ಗ ತೂರಿಸಿ ಅಲ್ಲಾಡಿಸಿದ ಹಾಗೆ, ಸಂದಿಯ ಉದ್ದಕ್ಕೆ ಆಡಿದರೆ ದಾಟುತ್ತದೆ ಅಂತ ಪಾಠ ಮಾಡುತ್ತಾರಲ್ಲ, ಬೆಳಕಿನಲ್ಲಿ ಅದು ತಿರುಗುಮುರುಗು. ಉದ್ದಕ್ಕಿದ್ದದ್ದೇ ಸಿಕ್ಕಿಬೀಳುವುದು. 1888ರ ಸುಮಾರಿಗೆ ಜರ್ಮನಿಯ ಕಾರ್ಲ್ಸ್‌ರೂ ಊರಿನಲ್ಲಿ ಹರ್ಟ್ಸ್ ಮರದ ಚೌಕಟ್ಟಿಗೆ ತಂತಿಗಳನ್ನು ಬಿಗಿದು ರೇಡಿಯೊ ಅಲೆಗಳ ಮುಂದೆ ಹಿಡಿದು ನೋಡಿದ್ದರು. ತಂತಿ ವಿದ್ಯುತ್ ಬಾಣದ ದಿಕ್ಕಿಗೇ ಇದ್ದಾಗ ಅಲೆ ದಾಟಲಿಲ್ಲ, ತಿರುಗಿಸಿದಾಗ ದಾಟಿತು. ನಮ್ಮ ಜಗದೀಶ್ ಚಂದ್ರ ಬೋಸರು ಕೋಲ್ಕತ್ತಾದಲ್ಲಿ ಮಿಲಿಮೀಟರುಗಳಷ್ಟು ಸಣ್ಣ ಅಲೆ ಹುಟ್ಟಿಸಿ ಇದೇ ಕೆಲಸಕ್ಕೆ ರೈಲ್ವೆ ವೇಳಾಪಟ್ಟಿ ಪುಸ್ತಕವೊಂದರ ಹಾಳೆಗಳ ನಡುವೆ ತವರದ ಹಾಳೆ ಇಟ್ಟು ಬಳಸಿದ್ದರು. ಹುರಿ ಮಾಡಿದ ಸೆಣಬನ್ನೂ ಬಳಸಿದ್ದರು.

ಇನ್ನು ಹೊರಗೆ ಬನ್ನಿ. ಮಳೆ ನಿಂತ ಮೇಲೆ ಅಂಗಳದಲ್ಲಿ ನಿಂತ ನೀರು, ಕೆರೆ, ಕಲ್ಯಾಣಿ, ಯಾವುದಾದರೂ ಸರಿ, ನೀರಿನ ಮೇಲೆ ಆಕಾಶ ಹೊಳೆಯುತ್ತಿರಬೇಕು. ನಿಮ್ಮ ಕಣ್ಣು ನೀರಿನಿಂದ ಒಂದೂವರೆ ಮೀಟರ್ ಮೇಲಿದ್ದರೆ ಸರಿಯಾಗಿ 2 ಮೀಟರ್ ದೂರದ ನೀರನ್ನು ನೋಡಿ. ಕನ್ನಡಕ ಮಾಮೂಲಿನಂತೆ ಹಾಕಿಕೊಂಡರೆ ಹೊಳಪು ಮಾಯವಾಗಿ ತಳದ ಕಲ್ಲು, ಎಲೆ ಕಾಣಿಸುತ್ತವೆ. ತಲೆಯನ್ನು ಪೂರ್ತಿ ಪಕ್ಕಕ್ಕೆ ವಾಲಿಸಿ, ಹೊಳಪು ವಾಪಸ್. ಯಾಕೆ 2 ಮೀಟರ್? ಬೆಳಕಿನ ವಿದ್ಯುತ್ ಬಾಣ ನೀರಿನ ಅಣುಗಳಲ್ಲಿರುವ ಎಲೆಕ್ಟ್ರಾನುಗಳನ್ನು ಅಲ್ಲಾಡಿಸುತ್ತದೆ, ಹಾಗೆ ಅಲ್ಲಾಡುವ ಎಲೆಕ್ಟ್ರಾನುಗಳೇ ನಮ್ಮ ಕಡೆಗೆ ಬೆಳಕನ್ನು ವಾಪಸ್ ಕಳಿಸುವುದು. ಆದರೆ ಎಲೆಕ್ಟ್ರಾನು ತಾನು ಅಲ್ಲಾಡುವ ದಿಕ್ಕಿಗೆ ಬೆಳಕು ಕಳಿಸಲಾರದು. ನೀರಿನ ವಿಷಯದಲ್ಲಿ, ನೆಟ್ಟಗೆ ನಿಂತ ಗೆರೆಯಿಂದ ಸುಮಾರು 53 ಡಿಗ್ರಿ ಕೋನದಲ್ಲಿ, ನೆಲಕ್ಕೆ ಸಮನಾಗಿ ಅಡ್ಡಡ್ಡ ಆಡುವ ಬಾಣದ ಬೆಳಕು ಮಾತ್ರ ನಮ್ಮ ಕಣ್ಣಿಗೆ ಬರುತ್ತದೆ. ಇನ್ನೊಂದು ಥರದ್ದು ಹೊರಡಬೇಕಾದ ದಿಕ್ಕೇ ಎಲೆಕ್ಟ್ರಾನು ಅಲ್ಲಾಡುವ ದಿಕ್ಕಾಗಿರುತ್ತದೆ, ಹಾಗಾಗಿ ಅದು ಬರುವುದೇ ಇಲ್ಲ. ಕಣ್ಣಿನ ಎತ್ತರವನ್ನು 1.33ರಿಂದ ಗುಣಿಸಿದರೆ ಆ ಜಾಗದ ದೂರ ಸಿಗುತ್ತದೆ. 1.33 ಅಂದರೆ ನೀರಿನ ವಕ್ರೀಭವನಾಂಕವೇ, ಬೆಳಕು ನೀರಿನಲ್ಲಿ ಎಷ್ಟು ಪಟ್ಟು ನಿಧಾನವಾಗುತ್ತದೆ ಅನ್ನುವ ಅಂಕಿ.

ಮಕ್ಕಳಿದ್ದರೆ ಇದನ್ನೂ ಮಾಡಿಸಿ: ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಸೆಲೊಟೇಪನ್ನು ಹೇಗೆಂದರೆ ಹಾಗೆ ನಾಲ್ಕೈದು ಪದರ ಅಂಟಿಸಿ, ಬಿಳಿ ಪರದೆ ಮತ್ತು ಕನ್ನಡಕದ ನಡುವೆ ಹಿಡಿಯಿರಿ. ಗುಲಾಬಿ, ಹಸಿರು, ನೀಲಿ ಬಣ್ಣಗಳು ಎದ್ದು ಬರುತ್ತವೆ. ಟೇಪು ತಯಾರಾಗುವಾಗ ಎಳೆದು ಹಿಗ್ಗಿಸಿರುತ್ತಾರೆ, ಅದರ ಉದ್ದಕ್ಕಿರುವ ಬಾಣಕ್ಕೂ ಅಡ್ಡಕ್ಕಿರುವ ಬಾಣಕ್ಕೂ ವೇಗ ಬೇರೆ ಬೇರೆ, ಒಂದು ಹಿಂದೆ ಬಿದ್ದು ಬಾಣದ ದಿಕ್ಕೇ ತಿರುಗುತ್ತದೆ, ಒಂದೊಂದು ಬಣ್ಣಕ್ಕೆ ಒಂದೊಂದಷ್ಟು. ನಮ್ಮ ಹುಡುಗಿ ಊಟ ಬಿಟ್ಟು ಕೂತಿದ್ದು ಇದರ ಮುಂದೆಯೇ.

ಐದನೇ ಹೆಜ್ಜೆ: ಹಪ್ಪಳದ ಮೇಲೆ ಅಲೆಯ ಗುರುತು

ಮೈಕ್ರೊವೇವ್ ಓವನ್ನಿನ ಅಲೆಯೂ ಬೆಳಕಿನ ಬಳಗವೇ. ಹಸಿರು ಬೆಳಕಿನಲ್ಲಿ ಬಾಣ ಸೆಕೆಂಡಿಗೆ ಸುಮಾರು ಐದೂವರೆ ಕೋಟಿ ಕೋಟಿ ಸಲ ಏರಿಳಿಯುತ್ತದೆ, ಓವನ್ನಿನಲ್ಲಿ 245 ಕೋಟಿ ಸಲ. ವ್ಯತ್ಯಾಸ ಅಷ್ಟೇ.

ತಿರುಗುವ ಗಾಜಿನ ತಟ್ಟೆ ಮತ್ತು ಅದರ ಕೆಳಗಿನ ಚಕ್ರದ ಉಂಗುರ ಎರಡನ್ನೂ ಹೊರಗೆ ತೆಗೆಯಿರಿ. ನಡುವಿನ ಗುಬುಟಿಗೆ ತಾಗದ ಹಾಗೆ ಒಂದು ಗಾಜಿನ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಅಗಲ ರಟ್ಟು, ರಟ್ಟಿನ ಮೇಲೆ ಹಸಿ ಹಪ್ಪಳಗಳನ್ನು ಒಂದಕ್ಕೊಂದು ತಾಗಿಸಿ ಹರಡಿ. ಮೂಲೆಯಲ್ಲಿ ಸಣ್ಣ ಗಾಜಿನ ಲೋಟದಲ್ಲಿ ನೀರು ಇಡಿ, ಓವನ್ನಿಗೆ ಒಳ್ಳೆಯದು. ಸ್ಟೀಲು ಏನೂ ಒಳಗಿರಬಾರದು. 15 ಸೆಕೆಂಡ್ ಓಡಿಸಿ, ನೋಡಿ, ಬೇಕಿದ್ದರೆ ಇನ್ನೊಂದು 5 ಸೆಕೆಂಡ್. ಬಿಟ್ಟು ಹೋಗಬೇಡಿ, ಹಪ್ಪಳ ಬೇಗ ಹೊತ್ತುತ್ತದೆ.

ಹೊರಗೆ ತೆಗೆದಾಗ ಕಾಣುವುದು ಇದು: ಅಲ್ಲಲ್ಲಿ ಬೆಳ್ಳಗೆ ಉಬ್ಬಿ ಗುಳ್ಳೆ ಎದ್ದ ಜಾಗ, ಅದರ ಪಕ್ಕದಲ್ಲೇ ಇನ್ನೂ ಹಳದಿ ಬಣ್ಣಕ್ಕೆ ಚಪ್ಪಟೆಯಾಗಿ ಹಸಿಯಾಗಿಯೇ ಉಳಿದ ಜಾಗ. ಬೆರಳಲ್ಲಿ ಮುಟ್ಟಿದರೆ ಒಂದು ಗರಿಗರಿ, ಒಂದು ಮೆತ್ತಗೆ. ಅಕ್ಕಪಕ್ಕದ ಎರಡು ಉಬ್ಬುಗಳ ನಡುವಿನಿಂದ ನಡುವಿಗೆ ಅಳೆಯಿರಿ. ನಮಗೆ 6.5, 6, 6.4 ಸಿಕ್ಕಿತು, ಸರಾಸರಿ 6.3 ಸೆಂಟಿಮೀಟರ್. ಇದು ಅರ್ಧ ಅಲೆ. ಪೂರ್ತಿ ಅಲೆ 12.6 ಸೆಂಟಿಮೀಟರ್, ಅಂದರೆ 0.126 ಮೀಟರ್. 245 ಕೋಟಿಯಿಂದ ಗುಣಿಸಿದರೆ ಸೆಕೆಂಡಿಗೆ 30.87 ಕೋಟಿ ಮೀಟರ್. ಸರಿ ಉತ್ತರಕ್ಕಿಂತ 3 ಪರ್ಸೆಂಟ್ ಜಾಸ್ತಿ, ಹಪ್ಪಳದಲ್ಲಿ ಅಳೆದಿದ್ದಕ್ಕೆ ಬಹಳ ಚೆನ್ನಾಯಿತು. ನಿಮ್ಮ ಓವನ್ನಿನಲ್ಲಿ ಇಷ್ಟು ನೀಟಾಗಿ ಬರದಿರಬಹುದು, ಒಳಗೆ ಹಲವು ಕಡೆಯಿಂದ ಅಲೆ ಬಡಿದು ಬೆರೆಯುತ್ತವೆ. ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ.

ಆದರೆ ನನಗೆ ಮುಖ್ಯವಾಗಿ ತೋರಿದ್ದು ವೇಗವಲ್ಲ, ಆ ಹಸಿ ಉಳಿದ ಜಾಗಗಳು. ಗೋಡೆಗೆ ಬಡಿದು ಬಂದ ಅಲೆ, ಹೋಗುತ್ತಿರುವ ಅಲೆ ಎರಡೂ ಸೇರಿ ನಿಂತ ಅಲೆಯಾಗುತ್ತದೆ. ನಿಂತ ಅಲೆಯಲ್ಲಿ ಮಾತ್ರ ಎರಡು ಕ್ಷೇತ್ರಗಳು ಬೇರೆಯಾಗುತ್ತವೆ: ವಿದ್ಯುತ್ತು ಜೋರಿರುವಲ್ಲಿ ಕಾಂತ ಸೊನ್ನೆ, ಕಾಂತ ಜೋರಿರುವಲ್ಲಿ ವಿದ್ಯುತ್ತು ಸೊನ್ನೆ. ಅಂದರೆ ಹಸಿ ಉಳಿದ ಜಾಗದಲ್ಲಿ ಏನೂ ಇರಲಿಲ್ಲ ಅಂತಲ್ಲ. ಅಲ್ಲಿ ಕಾಂತಕ್ಷೇತ್ರ ಜೋರಾಗಿಯೇ ಇತ್ತು. ಹಪ್ಪಳದೊಳಗಿನ ನೀರು ಅದಕ್ಕೆ ಕಿವಿಗೊಡಲಿಲ್ಲ. ಹಪ್ಪಳ ಬೇಯಿಸಿದ್ದು ವಿದ್ಯುತ್ ಕ್ಷೇತ್ರ ಒಂದೇ.

1890ರಲ್ಲಿ ಒಟ್ಟೊ ವೀನರ್ ಇದನ್ನೇ ನಿಜವಾದ ಬೆಳಕಿನಲ್ಲಿ ಮಾಡಿದರು. ಕನ್ನಡಿಗೆ ಬಡಿದು ನಿಂತ ಅಲೆಯಾದ ಬೆಳಕಿನೊಳಗೆ ತೀರಾ ತೆಳುವಾದ ಫೋಟೋ ಪದರವನ್ನು ಸ್ವಲ್ಪವೇ ಓರೆಯಾಗಿ ಇಟ್ಟರು. ಪಟ್ಟೆಪಟ್ಟೆಯಾಗಿ ಕಪ್ಪಾಯಿತು, ಕಪ್ಪಾದದ್ದು ವಿದ್ಯುತ್ತು ಜೋರಿದ್ದಲ್ಲಿ. ಅವರ ಫೋಟೋ ಪದರ, ನಮ್ಮ ಹಪ್ಪಳ, ಎರಡೂ ಹೇಳಿದ್ದು ಒಂದೇ.

ಆರನೇ ಹೆಜ್ಜೆ: ಹಾಗಾದರೆ ಕಾಂತ ದುರ್ಬಲವಾ?

ಅಲ್ಲ. ಬೆಳಕಿನ ಶಕ್ತಿಯಲ್ಲಿ ಸರಿಯಾಗಿ ಅರ್ಧ ವಿದ್ಯುತ್ತಿನದು, ಅರ್ಧ ಕಾಂತದ್ದು. ಲೆಕ್ಕ ಹಾಕಿ ನೋಡೋಣ. ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಇದನ್ನು 377ರಿಂದ ಗುಣಿಸಿ (ಖಾಲಿ ಜಾಗದ್ದೇ ಒಂದು ರೋಧ, 377 ಓಮ್), 2ರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಮೀಟರಿಗೆ 868 ವೋಲ್ಟ್, ಅದೇ ವಿದ್ಯುತ್ ಬಾಣದ ತುದಿ. ಬಿಸಿಲು ಕಲಸುಮೇಲೋಗರದ ಬೆಳಕಾದ್ದರಿಂದ ಇದು ಅಂದಾಜು ಅಂತ ಇಟ್ಟುಕೊಳ್ಳಿ. ಈಗ ಇದನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಕಾಂತಕ್ಷೇತ್ರ, 2.9 ಮೈಕ್ರೊಟೆಸ್ಲಾ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ 40 ಮೈಕ್ರೊಟೆಸ್ಲಾ ಆಸುಪಾಸು. ಹೋಲಿಸಿದರೆ ಬಿಸಿಲಿನದು ತೀರಾ ಕಡೆಗಣಿಸುವಷ್ಟೇನೂ ಇಲ್ಲ ಅಲ್ವಾ? ದಿಕ್ಸೂಚಿ ಬಿಸಿಲಿಗೆ ಅಲ್ಲಾಡದಿರುವುದಕ್ಕೆ ಕಾರಣ ಬೇರೆ, ಸೂಜಿ ತಿರುಗಲು ಹೊರಡುವ ಮೊದಲೇ ಬಾಣ ಕೋಟಿಗಟ್ಟಲೆ ಸಲ ಆಚೀಚೆ ತಿರುಗಿಬಿಟ್ಟಿರುತ್ತದೆ.

ಎಲೆಕ್ಟ್ರಾನಿನ ವಿಷಯದಲ್ಲಿ ಇನ್ನೊಂದು ಕಾರಣ ಇದೆ. ಕಾಂತಕ್ಷೇತ್ರ ತಳ್ಳುವುದು ಓಡುತ್ತಿರುವ ಚಾರ್ಜನ್ನು ಮಾತ್ರ, ಅದೂ ಅದರ ವೇಗಕ್ಕೆ ತಕ್ಕಷ್ಟು. ಎಲೆಕ್ಟ್ರಾನು ಬೆಳಕಿನ ವೇಗದ ಎಷ್ಟನೇ ಭಾಗದಲ್ಲಿ ಓಡುತ್ತಿದೆಯೋ, ವಿದ್ಯುತ್ತಿನ ತಳ್ಳುವಿಕೆಯ ಅಷ್ಟನೇ ಭಾಗ ಕಾಂತದ್ದು. ಹೈಡ್ರೋಜನ್ ಪರಮಾಣುವಿನಲ್ಲಿ ಅದು 137ನೇ ಒಂದು ಭಾಗ. ಆದ್ದರಿಂದ ಕಣ್ಣು, ಎಲೆ, ಫೋಟೋ ಫಿಲ್ಮು, ಸೋಲಾರ್ ಪ್ಯಾನೆಲ್ಲು, ಎಲ್ಲವೂ ಬಹುಮಟ್ಟಿಗೆ ವಿದ್ಯುತ್ ಕ್ಷೇತ್ರದ ಮಾತನ್ನೇ ಕೇಳುವುದು. ಕಾಂತದ ಮಾತು ಕೇಳಬೇಕಾದರೆ ಅದಕ್ಕೆಂದೇ ಮಾಡಿದ ಕಿವಿ ಬೇಕು.

ಏಳನೇ ಹೆಜ್ಜೆ: ರೇಡಿಯೊದಲ್ಲಿ ಕಾಂತವನ್ನು ಕೇಳಿ

ಆ ಕಿವಿ ನಿಮ್ಮ ರೇಡಿಯೊದೊಳಗೇ ಇದೆ. ಎಫ್‌ಎಂ ಹಚ್ಚಿ, 101.3 ಆಗಲಿ 102.9 ಆಗಲಿ, ಕಡ್ಡಿ ಆಂಟೆನಾ ಪೂರ್ತಿ ಒಳಗೆ ತಳ್ಳಿ. ಗೊರಗೊರ ಜಾಸ್ತಿಯಾಗುತ್ತದೆ. ಈಗ ಎಎಂಗೆ ಹಾಕಿ, ಹಗಲು ಹೊತ್ತು ಸ್ವಲ್ಪ ದೂರದ ಆಕಾಶವಾಣಿ ಕೇಂದ್ರ ಹಿಡಿಯಿರಿ, ಬೆಂಗಳೂರಿನ 612 ಅಥವಾ ಧಾರವಾಡದ 765 ಕಿಲೋಹರ್ಟ್ಸ್. ಆಂಟೆನಾ ಎಳೆದರೂ ತಳ್ಳಿದರೂ ಏನೂ ಆಗುವುದಿಲ್ಲ! ಎಫ್‌ಎಂಗೆ ಕಡ್ಡಿ, ಅದರಲ್ಲಿರುವ ಎಲೆಕ್ಟ್ರಾನುಗಳನ್ನು ವಿದ್ಯುತ್ ಬಾಣ ಉದ್ದಕ್ಕೂ ಓಡಾಡಿಸುತ್ತದೆ. ಎಎಂಗೆ ಒಳಗೆ ಬೇರೆಯೇ ಒಂದು ವಸ್ತು ಇದೆ, ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಕಾಂತಕ್ಷೇತ್ರ ಆ ಕಡ್ಡಿಯ ಉದ್ದಕ್ಕೆ ಹಾದು ಏರಿಳಿದಾಗ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಫ್ಯಾರಡೆ ಹೇಳಿದಂತೆ.

ರೇಡಿಯೊವನ್ನು ಮಟ್ಟಸವಾಗಿ ಹಿಡಿದು ನಿಂತಲ್ಲೇ ಸುತ್ತಿ. ಒಂದು ದಿಕ್ಕಿನಲ್ಲಿ ಧ್ವನಿ ಕುಂದುತ್ತದೆ, ಹೊಸ ರೇಡಿಯೊಗಳಲ್ಲಿ ಧ್ವನಿ ಕುಂದದೆ ಗೊರಗೊರ ಏರಬಹುದು. ಆಗ ನಿಲ್ಲಿ. ಫೆರೈಟ್ ಕಡ್ಡಿ ಸಾಮಾನ್ಯವಾಗಿ ರೇಡಿಯೊದ ಉದ್ದಕ್ಕೇ ಇರುತ್ತದೆ. ಈಗ ಆ ಉದ್ದ ನೇರವಾಗಿ ಕೇಂದ್ರದ ಪ್ರಸಾರ ಗೋಪುರದ ಕಡೆಗೆ ಬೊಟ್ಟು ಮಾಡುತ್ತಿದೆ. ನೆಟ್ಟಗೆ ನಿಂತ ಗೋಪುರದಲ್ಲಿ ಕರೆಂಟು ಮೇಲೆ ಕೆಳಗೆ ಹರಿಯುತ್ತದೆ, ಅದರ ಸುತ್ತ ಕಾಂತಕ್ಷೇತ್ರ ಬಳೆಗಳ ಹಾಗೆ ಹರಡುತ್ತದೆ, 1820ರಲ್ಲಿ ಓರ್ಸ್ಟೆಡ್ ತಂತಿಯ ಹತ್ತಿರ ದಿಕ್ಸೂಚಿ ಇಟ್ಟು ಕಂಡದ್ದು ಇಂಥ ಬಳೆಗಳನ್ನೇ. ಕಡ್ಡಿ ಬಳೆಯ ಜಾಡಿನಲ್ಲಿದ್ದರೆ ಕಾಂತ ಅದರೊಳಗೆ ಹಾಯುತ್ತದೆ, ಗೋಪುರದ ಕಡೆ ಮುಖ ಮಾಡಿದರೆ ಹಾಯುವುದಿಲ್ಲ.

ರಾತ್ರಿ ಮಾಡಬೇಡಿ, ಆಗ ಮೇಲಿನ ವಾತಾವರಣಕ್ಕೆ ಬಡಿದು ಬಂದ ಅಲೆಯೂ ಸೇರಿ ದಿಕ್ಕು ಕೆಡುತ್ತದೆ. ಗೋಡೆಯ ಕಬ್ಬಿಣ, ಕರೆಂಟಿನ ವೈರುಗಳಿಂದ ದೂರ, ತೆರೆದ ತಾರಸಿಯಲ್ಲೋ ಹೊಲದಲ್ಲೋ ಮಾಡಿ. ಮೊಬೈಲಿನ ಮ್ಯಾಪಿನಲ್ಲಿ ನೀವು ನಿಂತ ಜಾಗದಿಂದ ಆ ದಿಕ್ಕಿಗೆ ಗೆರೆ ಎಳೆಯಿರಿ. ಇನ್ನೊಂದು ಊರಿನಲ್ಲಿರುವ ನೆಂಟರಿಗೆ ಫೋನ್ ಮಾಡಿ ಅವರಿಂದಲೂ ಇದೇ ಕೇಂದ್ರಕ್ಕೆ ಮಾಡಿಸಿ. ಎರಡು ಗೆರೆ ಸೇರುವ ಕಡೆ ಗೋಪುರ ಇರುತ್ತದೆ.